ಹಕ್ಕಿಗೂಡಿನ ಡಬ್ಬಿ: ಮೂರು ಸೀಸನ್ ನೋಡಿದ್ಮೇಲೆ ಬರೀತಿರೋ ರಿವ್ಯೂ

ಇಷ್ಟು ಲೇಟಾಗಿ ರಿವ್ಯೂ ಬರೀತಿರೋದಕ್ಕೆ ಕಾರಣ ಇದೆ. ಹಕ್ಕಿಗೂಡಿನ ಡಬ್ಬಿ ಮನೆಗೆ ತಂದ ದಿನ ಅದ್ರ ಬಗ್ಗೆ ಏನೂ ಹೇಳೋಕಾಗಲ್ಲ, ಫೋಟೋದಲ್ಲಿ ಎಲ್ಲಾ ಡಬ್ಬಿನೂ ಚೆನ್ನಾಗೇ ಕಾಣುತ್ತೆ. ಹಕ್ಕಿ ಬಂದು ನೋಡ್ಬೇಕು, ಒಪ್ಬೇಕು, ಹುಲ್ಲು ತರ್ಬೇಕು, ಮೊಟ್ಟೆ ಇಟ್ಟು ಮರಿ ಹೊರಗೆ ಹಾರ್ಬೇಕು, ಅದಾದ್ಮೇಲೆ ನಮ್ಮ ಕಡೆ ಒಂದು ಪೂರ್ತಿ ಮಳೆಗಾಲ ಆ ಡಬ್ಬಿ ಮೇಲೆ ಸುರೀಬೇಕು, ಆಗ್ಲೇ ಅದು ಕೊಟ್ಟ ದುಡ್ಡಿಗೆ ಸರೀನೋ ಅಲ್ವೋ ಗೊತ್ತಾಗೋದು. ನಮ್ದು ಈಗ ಮೂರು ಸೀಸನ್ ಆಯ್ತು. ಒಟ್ಟು ಮೂರು ತರದ ಗೂಡು ತಗೊಂಡ್ವಿ, ಒಂದು ಆನ್‌ಲೈನ್‌ದು, ಒಂದು ಮಣ್ಣಿನ ಕುಡಿಕೆ, ಇನ್ನೊಂದು ಚಿಕ್ಕಮಗಳೂರು ಪೇಟೆಲೇ ಒಬ್ಬ ಮರಗೆಲಸದವರು ಮಾಡ್ಕೊಟ್ಟಿದ್ದು. ಕೊನೇದನ್ನ ಕಣ್ಮುಚ್ಚಿ ತಗೊಳ್ಳಿ ಅಂತೀನಿ, ಆದ್ರೆ ಅದಕ್ಕೂ ಕೆಲವು ಮಾತು ಸೇರಿಸೋದಿದೆ, ಪೂರ್ತಿ ಓದಿ.

ನಮ್ಮನೆ ಇರೋದು ಆಲ್ದೂರು ಕಡೆ, ಸಣ್ಣ ಕಾಫಿ ತೋಟ, ಮೇಲೆ ನೆರಳಿಗೆ ಸಿಲ್ವರ್ ಓಕು, ಹಲಸು, ಎರಡು ಅತ್ತಿ, ಮೆಣಸು ಹಬ್ಬಿಸಿರೋ ಹಾಲುವಾಣ. ಮನೆ ಹಿಂದೆ ಒಂದು ಹಾಲುವಾಣ ಒಣಗಿ ನಿಂತಿತ್ತು. ಹಾಲುವಾಣ ಮೆದು ಮರ, ಒಣಗಿದ್ರೆ ಇನ್ನೂ ಮೆದು, ಅದಕ್ಕೆ ಒಂದು ವರ್ಷ ಕುಟ್ರು ಹಕ್ಕಿ ಜೋಡಿ ಬಂದು ಕೊಕ್ಕಲ್ಲಿ ಕುಟ್ಟಿ ಕುಟ್ಟಿ ಕರೆಕ್ಟಾಗಿ ಕಂಪಾಸ್ ಇಟ್ಟು ಕೊರೆದಂಗೆ ದುಂಡಗಿನ ತೂತು ಮಾಡ್ಕೊಂಡು ಮರಿ ಮಾಡಿದ್ವು. ಮುಂದಿನ ವರ್ಷ ಕುಟ್ರು ಅದೇ ಮರದಲ್ಲಿ ಮೇಲೆ ಹೊಸ ತೂತು ಕೊರೀತು, ಹಳೇ ತೂತಿಗೆ ಮಡಿವಾಳ ಹಕ್ಕಿ ಬಂತು. ಬೆಳಿಗ್ಗೆ ಐದೂವರೆಗೆಲ್ಲ ಗಂಡು ಆ ಮರದ ತುದೀಲಿ ಕೂತು ಹಾಡೋದು ಕೇಳ್ಕೊಂಡೇ ನಮ್ಮಮ್ಮ ಒಲೆ ಹಚ್ತಿದ್ರು. ಆ ಮರ ಕರೆಂಟ್ ತಂತಿ ಮೇಲೆ ಬೀಳೋ ಹಾಗಿದೆ ಅಂತ ಫೆಬ್ರವರೀಲಿ ಕಡಿಸಿಬಿಟ್ವಿ. ಮಾರ್ಚಲ್ಲಿ ಹೂಮಳೆ ಬಿದ್ದು ತೋಟ ಎಲ್ಲಾ ಬೆಳ್ಳಗೆ ಘಮ್ ಅಂತಿದ್ದಾಗ ಮಡಿವಾಳ ಜೋಡಿ ಬಂತು, ಮರ ಇದ್ದ ಜಾಗದ ಸುತ್ತ ಹಾರುತ್ತೆ, ಹಲಸಿನ ಮೇಲೆ ಕೂರುತ್ತೆ, ಮತ್ತೆ ಅಲ್ಲೇ ಬರುತ್ತೆ, ಸೂರಿನ ಕೆಳಗೆ ಇಣುಕುತ್ತೆ, ಪಂಪ್ ಹೌಸ್ ಪೈಪ್ ಒಳಗೆ ಇಣುಕುತ್ತೆ. ನಾಲ್ಕೈದು ದಿನ ಇದನ್ನ ನೋಡಿ ಮನಸ್ಸು ತಡೀಲಿಲ್ಲ, ಅವತ್ತೇ ರಾತ್ರಿ ಫೋನಲ್ಲಿ ಹುಡುಕಿ ಒಂದು ಡಬ್ಬಿ ಆರ್ಡರ್ ಮಾಡ್ದೆ.

ಆ ಆನ್‌ಲೈನ್ ಡಬ್ಬಿ ಬಗ್ಗೆ ಮೊದ್ಲು ಹೇಳ್ತೀನಿ. ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಅದೇ ಡಿಸೈನನ್ನ ಹತ್ತಾರು ಜನ ಮಾರ್ತಾರೆ, ಹೆಸರಿಗಿಂತ ಡಿಸೈನ್ ಗುರುತು ಹಿಡಿಯೋದು ಮುಖ್ಯ. ನೋಡೋಕೆ ಪುಟ್ಟ ಮನೆ ತರ, ಕೆಂಪು ಮಾಡು, ಒಳಗೂ ಹೊರಗೂ ಪಳಪಳ ಹೊಳೆಯೋ ವಾರ್ನಿಶ್, ತೂತಿನ ಕೆಳಗೆ ಹಕ್ಕಿ ಕೂರೋಕೆ ಅಂತ ಒಂದು ಕಡ್ಡಿ. ಮರ ಅಂತ ಬರ್ದಿದ್ರು, ಬಂದಿದ್ದು ಎಮ್‌ಡಿಎಫ್, ಅಂದ್ರೆ ಮರದ ಪುಡಿನ ಗೋಂದು ಹಾಕಿ ಒತ್ತಿ ಮಾಡಿದ ಹಲಗೆ, ನೀರು ಕುಡಿದ್ರೆ ಬ್ರೆಡ್ ತರ ಉಬ್ಬುತ್ತೆ. ತೂತಿಂದ ತಳಕ್ಕೆ ಆಳ ನಾಲ್ಕು ಬೆರಳು ಅಷ್ಟೇ. ತಳದಲ್ಲಿ ನೀರು ಬಸಿಯೋಕೆ ತೂತಿಲ್ಲ. ತೆಗೆದು ಕ್ಲೀನ್ ಮಾಡೋಕೆ ಬಾಗಿಲಿಲ್ಲ. ಜಾಹೀರಾತಲ್ಲಿ ಎಲ್ಲಾ ಹಕ್ಕಿಗಳಿಗೂ ಸೂಟ್ ಆಗುತ್ತೆ ಅಂತ ಇತ್ತು, ಆಮೇಲೆ ನಂಗೆ ಅರ್ಥ ಆಗಿದ್ದು ಏನಂದ್ರೆ ಎಲ್ಲಾ ಹಕ್ಕಿಗೂ ಆಗೋ ಡಬ್ಬಿ ಅಂತ ಲೋಕದಲ್ಲಿ ಇರೋಕೆ ಸಾಧ್ಯಾನೇ ಇಲ್ಲ.

ಇದ್ಯಾವ್ದೂ ಗೊತ್ತಿಲ್ದೆ ಅದನ್ನ ಜಗಲಿ ಕಂಬಕ್ಕೆ ನೇತುಹಾಕಿದ್ವಿ. ಮಡಿವಾಳಕ್ಕೆ ಬೇರೆ ದಾರಿ ಇರ್ಲಿಲ್ಲ ಅನ್ಸುತ್ತೆ, ಒಂದು ವಾರದೊಳಗೆ ಒಳಗೆ ಹೊಕ್ತು. ಹೆಣ್ಣೇ ಒಣಗಿದ ಹುಲ್ಲು, ಬೇರು, ನಾರು ಎಲ್ಲಾ ತಂದು ಹಾಸಿದ್ದು, ಗಂಡು ಹಾಡ್ತಾ ಕಾವಲು. ತಿಳಿ ನೀಲಿ ಹಸಿರು ಬಣ್ಣದ ಮೇಲೆ ಕಂದು ಚುಕ್ಕೆ ಇರೋ ನಾಲ್ಕು ಮೊಟ್ಟೆ. ಎಲ್ಲಾ ಮರಿ ಆದ್ವು. ಮರಿಗೆ ಆರೇಳು ದಿನ ಆಗಿತ್ತೇನೋ, ಮಧ್ಯಾಹ್ನ ಗಲಾಟೆ ಕೇಳಿ ಹೊರಗೆ ಬಂದ್ರೆ ಕೆಂಬೂತ ಆ ಕಡ್ಡಿ ಮೇಲೆ ಆರಾಮಾಗಿ ಕೂತು ತಲೆ ಒಳಗೆ ತೂರಿಸಿ ಮರಿ ಎಳೀತಿದೆ, ಗಂಡೂ ಹೆಣ್ಣೂ ಅದ್ರ ಬೆನ್ನ ಮೇಲೆ ಎರಗ್ತಿದಾವೆ. ನಾವು ಓಡಿಸೋ ಹೊತ್ತಿಗೆ ಮೂರು ಹೋಗಿತ್ತು, ಉಳಿದ ಒಂದನ್ನ ಸಾಯಂಕಾಲ ಬಂದು ಅದೇ ತಗೊಂಡು ಹೋಯ್ತು. ಕೆಂಬೂತದ್ದು ತಪ್ಪು ಅಂತ ನಾನು ಹೇಳಲ್ಲ, ಅದಕ್ಕೂ ಮನೇಲಿ ಮರಿ ಇರುತ್ತೆ, ಬೇರೆ ಹಕ್ಕಿ ಮರಿ ಮೊಟ್ಟೆ ಹುಡುಕಿ ತಿನ್ನೋದು ಅದ್ರ ಊಟ. ಆದ್ರೆ ಅಲ್ಲಿ ಕೂರೋಕೆ ಕಡ್ಡಿ ಇಟ್ಟು ಕೊಟ್ಟಿದ್ದು, ಕೊಕ್ಕಿಗೆ ಎಟುಕೋ ಆಳದಲ್ಲಿ ತಳ ಮಾಡಿದ್ದು ಆ ಡಬ್ಬಿ ಮಾಡ್ದವರು. ಮಾರಿದವರಿಗೆ ಬರ್ದೆ, ರಿಟರ್ನ್ ಟೈಮ್ ಮುಗಿದಿದೆ ಅಂತ ಉತ್ತರ ಬಂತು. ನಾನು ದುಡ್ಡು ಕೇಳಿರ್ಲಿಲ್ಲ, ಆ ಕಡ್ಡಿ ತೆಗೀರಿ ಅಂತ ಕೇಳಿದ್ದೆ. ಡಬ್ಬಿ ಜೂನ್ ಮುಗಿಯೋದ್ರೊಳಗೆ ಉಬ್ಬಿ ಬಿಚ್ಕೊಂಡು ಬಿತ್ತು.

ನಿಮ್ಮನೇಲಿ ಈಗಾಗ್ಲೇ ಅಂಥ ಡಬ್ಬಿ ಇದ್ರೆ ದಯವಿಟ್ಟು ಇವತ್ತೇ ಕಡ್ಡಿ ಕಿತ್ತಾಕಿ. ಪೊಟರೇಲಿ ಗೂಡು ಮಾಡೋ ಹಕ್ಕಿಗೆ ಕಡ್ಡಿ ಬೇಡ್ವೇ ಬೇಡ, ಅದು ನೇರ ಹಾರಿಬಂದು ತೂತಿನ ಅಂಚನ್ನೇ ಉಗುರಲ್ಲಿ ಹಿಡ್ಕೊಳ್ಳುತ್ತೆ.

ಇನ್ನು ಮರಗೆಲಸದವರ ಡಬ್ಬಿ. ಅಂಗಡಿ ಮಾರ್ಕೆಟ್ ರೋಡ್ ಹತ್ರ ಒಂದು ಒಳಗಲ್ಲೀಲಿ, ಬೋರ್ಡಿಲ್ಲ, ಜಾಸ್ತಿ ಮಾಡೋದು ಕಿಟಕಿ ಬಾಗಿಲು ಕೆಲಸ, ಉಳಿದ ತುಂಡು ಮರದಲ್ಲಿ ಜೇನುಪೆಟ್ಟಿಗೆ, ಹಕ್ಕಿಗೂಡು ಮಾಡ್ತಾರೆ. ವಯಸ್ಸಾದವರು, ಮಾತು ಕಮ್ಮಿ. ನಾನು ಹೋಗಿ ಹಕ್ಕಿಗೂಡು ಬೇಕು ಅಂದ್ರೆ ಬೆಲೆ ಹೇಳೋಕೆ ಮುಂಚೆ ಅವ್ರು ಕೇಳಿದ್ದು ಒಂದೇ ಪ್ರಶ್ನೆ, ಯಾವ ಹಕ್ಕಿಗೆ? ಆ ಪ್ರಶ್ನೆಗೇ ನಾನು ಅರ್ಧ ಮಾರ್ಕ್ಸ್ ಕೊಡ್ತೀನಿ. ನಂಗೆ ಗೊತ್ತಿದ್ದಷ್ಟು ಹೇಳ್ದೆ, ಹಾಲುವಾಣ ಕಡಿಸಿದ್ದು, ಕೆಂಬೂತದ ಕಥೆ ಎಲ್ಲಾ. ಕಡ್ಡಿ ವಿಷಯಕ್ಕೆ ಬಂದಾಗ, ಕಾಡಲ್ಲಿ ಯಾವ ಪೊಟರೆ ಮುಂದೆ ಕಡ್ಡಿ ನೋಡಿದೀರಿ ನೀವು ಅಂದ್ರು. ಅಷ್ಟು ಸರಳ ಮಾತು, ನಂಗೆ ಹೊಳೆದಿರ್ಲಿಲ್ಲ.

ಅವ್ರು ಮಾಡ್ಕೊಟ್ಟಿದ್ದು ಹೀಗಿದೆ. ಮರ ಸಿಲ್ವರ್ ಓಕ್, ಹಲಗೆ ದಪ್ಪ ಮುಕ್ಕಾಲು ಇಂಚು, ಅದ್ರಿಂದ ಮಧ್ಯಾಹ್ನದ ಬಿಸಿಲಿಗೂ ಒಳಗೆ ಬೇಯಲ್ಲ, ರಾತ್ರಿ ಚಳಿಗೂ ತಡೆಯುತ್ತೆ. ತೂತು ಎರಡು ಇಂಚಿಗಿಂತ ಸ್ವಲ್ಪ ಕಮ್ಮಿ, ಮಡಿವಾಳಕ್ಕೆ ಸಾಕು. ತೂತಿನ ಕೆಳ ಅಂಚಿಂದ ತಳಕ್ಕೆ ಏಳು ಇಂಚು ಆಳ, ಕೆಂಬೂತ ಇರ್ಲಿ ಮರಿ ಕದಿಯೋ ಮಟಪಕ್ಷಿ ಇರ್ಲಿ ಹೊರಗೆ ಜೋತಾಡಿಕೊಂಡು ಅಷ್ಟು ಕೆಳಗೆ ಕೊಕ್ಕು ಹಾಕೋಕಾಗಲ್ಲ. ಅಷ್ಟು ಆಳ ಇದ್ರೆ ಮರಿ ಮೇಲೆ ಹತ್ತೋದು ಹೇಗೆ ಅಂತ ನಂಗೆ ಡೌಟ್ ಬಂತು, ಅವ್ರು ಮುಂದಿನ ಹಲಗೆ ಒಳಮುಖಕ್ಕೆ ಉಜ್ಜೇ ಇಲ್ಲ, ಉಳೀಲಿ ಅಡ್ಡಡ್ಡ ಗೀರಿದಾರೆ, ಮರಿ ಅದನ್ನ ಮೆಟ್ಟಿಲು ತರ ಹಿಡ್ಕೊಂಡು ಬರುತ್ತೆ. ತಳದಲ್ಲಿ ಮೂಲೆಗೊಂದು ಸಣ್ಣ ತೂತು, ಮಾಡಿನ ಕೆಳಗೆ ಗಾಳಿಗೆ ಸಂದು, ಮಾಡು ಮುಂದಕ್ಕೆ ಇಳಿಜಾರಾಗಿ ಮೂರು ಬೆರಳು ಹೊರಗೆ ಚಾಚಿದೆ. ಪಕ್ಕದಲ್ಲಿ ಕೊಕ್ಕೆ ಹಾಕಿದ ಬಾಗಿಲು. ಬಣ್ಣ ಇಲ್ಲ, ವಾರ್ನಿಶ್ ಇಲ್ಲ, ಹೊರಗಡೆ ಮಾತ್ರ ಅಗಸೆ ಎಣ್ಣೆ. ಒಂದಕ್ಕೆ 650 ರೂಪಾಯಿ, ಎರಡು ತಗೊಂಡೆ, ಜೊತೆಗೆ ಗುಬ್ಬಿಗೆ ಅಂತ ಸಣ್ಣದೊಂದು 450ಕ್ಕೆ, ಅದ್ರ ಕಥೆ ಆಮೇಲೆ.

ಎಲ್ಲಿ ಕಟ್ಬೇಕು ಅನ್ನೋದೂ ಅವ್ರೇ ಹೇಳ್ಕೊಟ್ರು. ನಮ್ಮ ಕಡೆ ಮುಂಗಾರು ಬರೋದು ನೈರುತ್ಯದಿಂದ, ತೂತು ಆ ಕಡೆ ಮುಖ ಮಾಡಿದ್ರೆ ಗಾಳಿ ಮಳೆ ನೇರ ಒಳಗೇ ಹೊಡೆಯುತ್ತೆ, ಅದಕ್ಕೆ ಪೂರ್ವ ಇಲ್ಲಾ ಈಶಾನ್ಯಕ್ಕೆ ಮುಖ ಇರ್ಬೇಕು. ಎತ್ತರ ಎಂಟರಿಂದ ಹನ್ನೆರಡು ಅಡಿ. ಮುಂದೆ ಹಾರಿಬರೋಕೆ ಜಾಗ ಬಿಡ್ಬೇಕು, ಹತ್ತಿರ ಕೊಂಬೆ ಇದ್ರೆ ಬೆಕ್ಕು ಹತ್ತುತ್ತೆ. ಕಟ್ಟೋದು ಕಾಫಿ ಕುಯ್ಲು ಮುಗೀತಿದ್ದಂಗೆ ಜನವರೀಲಿ, ಯಾಕಂದ್ರೆ ಹಕ್ಕಿ ಜಾಗ ನೋಡೋಕೆ ಶುರು ಮಾಡೋದು ನಾವು ಅಂದ್ಕೊಂಡಿದ್ದಕ್ಕಿಂತ ಮುಂಚೆ. ಅದೇ ತರ ಒಂದನ್ನ ಹಲಸಿನ ಕಾಂಡಕ್ಕೆ, ಇನ್ನೊಂದನ್ನ ಕಣದ ಪಕ್ಕದ ಅತ್ತಿ ಮರಕ್ಕೆ ಕಟ್ಟಿದ್ವಿ.

ಹಲಸಿನ ಡಬ್ಬಿಗೆ ಮಾರ್ಚ್ ಕೊನೇಲಿ ಮಡಿವಾಳ ಬಂತು. ಅದೇ ಜೋಡೀನೋ ಬೇರೇದೋ ಹೇಳೋಕಾಗಲ್ಲ, ನಮ್ಮಮ್ಮನ ಪ್ರಕಾರ ಅದೇ. ಹೆಣ್ಣು ಒಂದು ವಾರ ಸಾಮಾನು ಹೊತ್ತಿತು, ದಿನಕ್ಕೊಂದರಂತೆ ಮೊಟ್ಟೆ, ಕಾವು ಕೂರೋದೂ ಹೆಣ್ಣೊಂದೇ, ಮರಿ ಆದ್ಮೇಲೆ ಇಬ್ರೂ ಸೇರಿ ಬೆಳಗಿಂದ ಸಂಜೆ ತನಕ ಹುಳ ತಂದಿದ್ದೇ ತಂದಿದ್ದು. ತೋಟದಲ್ಲಿ ಎಷ್ಟು ಹುಳ ಇದೆ ಅಂತ ನಂಗೆ ಗೊತ್ತಾಗಿದ್ದೇ ಅವಾಗ. ಮರಿಯಾಗಿ ಹೆಚ್ಚುಕಮ್ಮಿ ಎರಡು ವಾರಕ್ಕೆ ಒಂದು ಬೆಳಿಗ್ಗೆ ಮೂರು ಮರಿ ಒಂದಾದ್ಮೇಲೊಂದು ತೂತಲ್ಲಿ ತಲೆ ಹಾಕಿ ಕಾಫಿ ಗಿಡದ ಮೇಲೆ ಬಿದ್ದಂಗೆ ಹಾರಿದ್ವು. ಕೆಂಬೂತ ಆ ಸೀಸನ್ನಲ್ಲೂ ಬಂದಿತ್ತು, ಡಬ್ಬಿ ಮೇಲೆ ಕೂತು ಬಗ್ಗಿ ನೋಡ್ತು, ಏನೂ ಆಗ್ದೆ ಹೋಯ್ತು. ನಾನು ಅಡುಗೆಮನೆ ಕಿಟಕೀಲಿ ಉಸಿರು ಬಿಗಿಹಿಡಿದು ನಿಂತಿದ್ದೆ.

ಮರಿ ಹೋದ್ಮೇಲೆ ಡಬ್ಬಿ ಖಾಲಿ. ಅಮ್ಮನಿಗೆ ಬೇಜಾರು, ಇಷ್ಟು ಚೆನ್ನಾಗಿರೋ ಮನೆ ಬಿಟ್ಟು ಮಳೇಲಿ ಕೊಂಬೆ ಮೇಲೆ ಕೂತಿದಾವಲ್ಲ ಅಂತ. ಇದನ್ನ ತುಂಬಾ ಜನ ಕೇಳ್ತಾರೆ, ಡಬ್ಬಿ ತಗೊಂಡ್ವಿ, ಹಕ್ಕಿ ಒಂದು ತಿಂಗಳಿದ್ದು ಹೋಯ್ತು, ದುಡ್ಡು ವೇಸ್ಟ್ ಅಂತ. ವೇಸ್ಟ್ ಅಲ್ಲ. ಗೂಡು ಹಕ್ಕಿಗೆ ಮನೆಗಿಂತ ತೊಟ್ಟಿಲು ಅಂದ್ಕೊಳ್ಳಿ. ಮೊಟ್ಟೆ ಉರುಳದೆ, ಕಾವು ಆರದೆ, ರೆಕ್ಕೆ ಬರೋ ತನಕ ಮರಿ ಒಂದು ಕಡೆ ಇರ್ಲಿ ಅಂತ ಕಟ್ಟೋದು, ಕೂಸು ನಡೆಯೋಕೆ ಶುರು ಮಾಡಿದ್ಮೇಲೆ ತೊಟ್ಟಿಲು ಅಟ್ಟಕ್ಕೆ ಹೋಗುತ್ತಲ್ಲ ಹಾಗೆ. ಹೆಚ್ಚಿನ ಹಕ್ಕಿಗಳು ಮಿಕ್ಕಿದ ದಿನ ಮಲಗೋದು ಎಲೆ ಮರೇಲಿ ಕೊಂಬೆ ಮೇಲೇನೇ. ಬೇರೆ ತರದವೂ ಇದಾವೆ, ರಾಟವಾಳ ಅನ್ನೋ ಸಣ್ಣ ಹಕ್ಕಿಗಳು ಹುಲ್ಲಿನ ಉಂಡೆಗೂಡಲ್ಲಿ ಗುಂಪಾಗಿ ತೂರ್ಕೊಂಡು ಮಲಗ್ತಾವೆ, ಸೇತುವೆ ಕೆಳಗೆ, ಹಳೇ ಕಟ್ಟಡದ ಸೂರಲ್ಲಿ ಗರಿ ಹುಲ್ಲು ಎಲ್ಲಾ ಎಂಜಲಲ್ಲಿ ಅಂಟಿಸಿ ಕಟ್ಟೋ ಬಾನಾಡಿ ಅನ್ನೋ ಜಾತಿಯ ಹಕ್ಕಿಗಳು ವರ್ಷ ಪೂರ್ತಿ ಅದೇ ಗೂಡಿಗೆ ರಾತ್ರಿ ವಾಪಸ್ ಬರ್ತಾವೆ.

ಮರಿ ಹೋಗಿ ಎರಡು ವಾರ ಬಿಟ್ಟು ಬಾಗಿಲು ತೆಗೆದು ಕ್ಲೀನ್ ಮಾಡೋಕೆ ಕೈ ಹಾಕ್ದೆ. ಒಂದು ತರ ಘಾಟು ವಾಸನೆ, ಕೈ ಮೇಲೆಲ್ಲಾ ಕಣ್ಣಿಗೆ ಕಾಣ್ದಷ್ಟು ಸಣ್ಣ ನುಸಿ ಹತ್ತಿ ಎರಡು ದಿನ ನವೆ. ಆಗ ಅರ್ಥ ಆಯ್ತು ಯಾಕೆ ಪಿಕಳಾರದಂಥ (ಬುಲ್‌ಬುಲ್) ಹಕ್ಕಿ ಅಷ್ಟು ನೀಟಾಗಿ ಕಟ್ಟಿದ ಬಟ್ಟಲುಗೂಡನ್ನ ಒಂದೇ ಸಲಕ್ಕೆ ಬಿಟ್ಟುಹೋಗುತ್ತೆ ಅಂತ. ಮರಿ ಇದ್ದ ಗೂಡಲ್ಲಿ ನುಸಿ, ಚಿಗಟ ಎಲ್ಲಾ ಮೊಟ್ಟೆ ಇಟ್ಟು ಕಾಯ್ತಿರುತ್ತೆ, ಮುಂದಿನ ಮರಿಗಳ ರಕ್ತ ಹೀರೋಕೆ. ಅದ್ರ ಜೊತೆ ಬಿಸಿಲು ಮಳೆಗೆ ಗೂಡು ಸಡಿಲ ಆಗಿರುತ್ತೆ, ಕಾಗೆ ಹಾವುಗಳಿಗೆ ಜಾಗ ಗೊತ್ತಾಗಿರುತ್ತೆ. ಎಂಟತ್ತು ದಿನದಲ್ಲಿ ಹೊಸದು ಕಟ್ಟೋಕಾಗೋ ಹಕ್ಕಿಗೆ ಹಳೇದನ್ನ ನಂಬೋದಕ್ಕಿಂತ ಹೊಸದೇ ಸಸ್ತಾ. ಆದ್ರೆ ಪೊಟರೆ ಹಕ್ಕಿಗಳ ಲೆಕ್ಕ ಬೇರೆ. ಮಡಿವಾಳ, ಚೇಕಡಿ, ಗೊರವಂಕ, ಗಿಣಿ, ಹಾಲಕ್ಕಿ ಗೂಬೆ, ಇವಕ್ಕೆ ಕುಟ್ರು ಮರಕುಟಿಗದ ತರ ಮರ ಕೊರೆಯೋ ಕೊಕ್ಕಿಲ್ಲ, ಯಾರೋ ಕೊರೆದಿದ್ದೋ, ಕೊಂಬೆ ಮುರಿದು ಕೊಳೆತು ಆಗಿದ್ದೋ ಸಿಗ್ಬೇಕು, ಸಿಕ್ಕಿದ್ರೆ ಬಿಡಲ್ಲ, ನುಸಿ ಇದ್ರೂ ಅಲ್ಲೇ ಸಂಸಾರ ಮಾಡ್ತಾವೆ. ನಮ್ಮ ಘಟ್ಟದ ಮಂಗಟ್ಟೆ ಹಕ್ಕಿ ಇದ್ರಲ್ಲಿ ಎಲ್ಲಕ್ಕಿಂತ ಗಟ್ಟಿ, ಹೆಣ್ಣು ದೊಡ್ಡ ಮರದ ಪೊಟರೆ ಒಳಗೆ ಹೋಗಿ ಬಾಗಿಲನ್ನ ತನ್ನ ಹಿಕ್ಕೆ, ಮಣ್ಣು, ಹಣ್ಣಿನ ತಿರುಳಲ್ಲಿ ಮೆತ್ತಿ ಮುಚ್ಕೊಳ್ಳುತ್ತೆ, ಕೊಕ್ಕು ತೂರೋಷ್ಟು ಸೀಳು ಮಾತ್ರ ಬಿಟ್ಟು, ಅಲ್ಲಿಂದ ಗಂಡು ವಾರಗಟ್ಟಲೆ ಹಣ್ಣು ತಂದು ಉಣಿಸುತ್ತೆ, ಮತ್ತೆ ಮುಂದಿನ ವರ್ಷ ಅದೇ ಪೊಟರೆ. ಅಂಥ ಒಂದು ಮರ ಬಿದ್ರೆ ಆ ಜೋಡಿಗೆ ಅದೇ ಅಳತೆದು ಇನ್ನೊಂದು ಸಿಗೋದು ಅಷ್ಟು ಸುಲಭ ಅಲ್ಲ.

ಅದಕ್ಕೇ ಹೇಳ್ತಿರೋದು, ತಗೊಳ್ಳೋಕೆ ಮುಂಚೆ ಯಾವ ಹಕ್ಕಿಗೆ ಅಂತ ತಿಳ್ಕೊಳ್ಳಿ. ಅಂಗಡೀಲಿ ಸಿಗೋ ಡಬ್ಬಿ ಕಳೆದುಹೋದ ಪೊಟರೆಗೆ ಬದಲಿ. ತಾನೇ ಗೂಡು ಕಟ್ಕೊಳ್ಳೋ ಹಕ್ಕಿಗೆ ಅದ್ರಿಂದ ಏನೂ ಉಪಯೋಗ ಇಲ್ಲ, ಎಷ್ಟು ಚೆಂದ ಇದ್ರೂ ತಿರುಗಿ ನೋಡಲ್ಲ. ಸಿಂಪಿಗನಿಗೆ ಬೇಕಿರೋದು ಅಗಲ ಎಲೆ, ಅದು ಕೊಕ್ಕಲ್ಲೇ ಎಲೆ ಅಂಚಿಗೆ ತೂತು ಚುಚ್ಚಿ ಜೇಡರ ನೂಲು, ಹತ್ತಿ ಎಳೆ ತೂರಿಸಿ ಎರಡು ಅಂಚು ಸೇರಿಸಿ ಹೊಲಿಯುತ್ತೆ, ಎಲೆ ಗಿಡದಲ್ಲೇ ಇರೋದ್ರಿಂದ ಹಸಿರಾಗೇ ಉಳಿದು ಗೂಡು ಕಣ್ಣಿಗೇ ಬೀಳಲ್ಲ. ಸೂರಕ್ಕಿ ಜೇಡರ ಬಲೆ, ತೊಗಟೆ ಚೂರು, ಕಂಬಳಿಹುಳದ ಹಿಕ್ಕೆ, ಇದೆಲ್ಲ ಸೇರಿಸಿ ಕಸ ಜೋತಾಡ್ದಂಗೆ ಕಾಣೋ ಚೀಲ ಮಾಡುತ್ತೆ, ಬಟ್ಟೆ ಒಣಹಾಕೋ ತಂತೀಲೂ ಕಟ್ಟುತ್ತೆ. ನಮ್ಮನೇಲಿ ಈಗ ಸೂರಿನ ಜೇಡರ ಬಲೆ ಹಬ್ಬದ ಟೈಮಲ್ಲಿ ಬಿಟ್ರೆ ತೆಗೆಯಲ್ಲ. ಕಂದು ಮರಕುಟಿಗ ಅಂತ ಒಂದಿದೆ, ಅದು ಮರದ ಮೇಲೆ ಕಪ್ಪು ಉಂಡೆ ತರ ಇರೋ ಇರುವೆ ಗೂಡನ್ನೇ ಕೊರೆದು, ಇರುವೆ ಒಳಗೆ ಇರೋವಾಗ್ಲೇ ಮೊಟ್ಟೆ ಇಡುತ್ತೆ. ಅದಕ್ಕೆ ಯಾವ ಅಂಗಡಿಯವರು ಡಬ್ಬಿ ಮಾಡ್ತಾರೆ ಹೇಳಿ.

ಅತ್ತಿ ಮರದ ಎರಡನೇ ಡಬ್ಬಿಗೆ ಹಕ್ಕಿ ಬರ್ಲಿಲ್ಲ, ತುಡುವೆ ಜೇನು ಬಂದು ಕೂತ್ಕೊಂತು. ಇದು ಡಬ್ಬಿ ತಪ್ಪಲ್ಲ, ತುಡುವೆಗೂ ಬೇಕಿರೋದು ಕತ್ತಲೆ ಪೊಟರೇನೇ. ಹೊಗೆ ಹಾಕಿ ಓಡ್ಸಿ ಅಂತ ತೋಟದ ಕೆಲಸದವರು ಅಂದ್ರು, ನಾವು ಬಿಟ್ವಿ, ಕಾಫಿ ಹೂವಿಗೆ ಅವು ಬೇಕು. ಮಾರನೇ ವರ್ಷ ಅವೇ ಎದ್ದು ಹೋದ್ವು, ಎರಿ ಎಲ್ಲಾ ಕೆರೆದು ತೊಳೆದು ಒಣಗಿಸಿ ಮತ್ತೆ ಕಟ್ಟಿದೀವಿ.

ಮಣ್ಣಿನ ಕುಡಿಕೆ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಜಾತ್ರೇಲಿ 80 ರೂಪಾಯಿಗೆ ತಗೊಂಡಿದ್ದು, ಬಯಲುಸೀಮೆ ಒಣ ಹವೆಗೆ ಸರಿ ಇರ್ಬಹುದು, ನಮ್ಮ ಕಡೆ ಜುಲೈಲಿ ಪಾಚಿ ಕಟ್ಟಿ ಒಳಗೆಲ್ಲಾ ತೇವ. ಹಲ್ಲಿ ಬಿಟ್ರೆ ಯಾರೂ ಬರ್ಲಿಲ್ಲ.

ಗುಬ್ಬಿ ಡಬ್ಬಿನ ನಾನು ಕಡೂರಲ್ಲಿರೋ ಅಕ್ಕನ ಮನೆಗೆ ಕೊಟ್ಟೆ, ಯಾಕಂದ್ರೆ ನಮ್ಮನೆ ಸುತ್ತ ಗುಬ್ಬಿ ಇಲ್ಲ, ಅಲ್ಲಿ ರಾಗಿ ಅಂಗಡಿ, ದನದ ಕೊಟ್ಟಿಗೆ, ಹುಲ್ಲಿನ ಮೆದೆ ಎಲ್ಲಾ ಇದೆ. ಜಿಲ್ಲೆ ಒಂದೇ ಆದ್ರೂ ಆ ಕಡೆಗೂ ಈ ಕಡೆಗೂ ಹಕ್ಕಿನೇ ಬೇರೆ. ಹಳೇ ಹೆಂಚಿನ ಮನೆ ಕೆಡವಿ ತಾರಸಿ ಕಟ್ಟಿದ್ಮೇಲೆ ಗುಬ್ಬಿಗೆ ಸಂದಿ ಇಲ್ದಂಗಾಗಿ ಟ್ಯೂಬ್‌ಲೈಟ್ ಪಟ್ಟಿ ಮೇಲೆ, ದೇವರ ಫೋಟೋ ಹಿಂದೆ ಹುಲ್ಲು ತುರುಕ್ತಿದ್ವು. ಗುಬ್ಬಿಗೆ ತೂತು 32 ಮಿಲಿಮೀಟರ್ ಇದ್ರೆ ಸಾಕು, ಅದಕ್ಕಿಂತ ದೊಡ್ಡದಾದ್ರೆ ಗೊರವಂಕ ಬಂದು ಜಾಗ ಕಿತ್ಕೊಳ್ಳುತ್ತೆ. ಸಜ್ಜಾ ಕೆಳಗೆ ಕಟ್ಟಿದ ಹತ್ತೇ ದಿನಕ್ಕೆ ಗಂಡು ಗುಬ್ಬಿ ಬಂದು ತೂತಿನ ಬಾಯಲ್ಲಿ ಕೂತು ಬೆಳಿಗ್ಗೆಯಿಂದ ಚಿಂವ್ ಚಿಂವ್, ಜಾಗ ನಂದು ಬನ್ನಿ ಅಂತ. ಒಂದೇ ವರ್ಷದಲ್ಲಿ ಮೂರು ಸಲ ಮರಿ ಮಾಡ್ತು ಅದೇ ಡಬ್ಬೀಲಿ, ಪ್ರತೀ ಸಲ ಮೇಲೊಂದಿಷ್ಟು ಹೊಸ ಹುಲ್ಲು, ಕೋಳಿ ಪುಕ್ಕ, ಅಕ್ಕನ ಹಳೇ ಸೀರೆ ನೂಲು. ಕಾಳು ತಿನ್ನೋ ಹಕ್ಕಿ ಆದ್ರೂ ಮರಿಗೆ ಮಾತ್ರ ಹುಳಾನೇ ತರುತ್ತೆ, ಅದಕ್ಕೆ ಅಕ್ಕ ದಾಸವಾಳಕ್ಕೆ ಔಷಧಿ ಹೊಡೆಯೋದು ನಿಲ್ಸಿದಾಳೆ. ಈ ಗುಬ್ಬಿ ಡಬ್ಬಿಗೆ ಐದಕ್ಕೆ ಐದು.

ಕಡೂರಿಗೆ ಡಬ್ಬಿ ಕೊಡೋಕೆ ಹೋದಾಗ್ಲೇ ಅಕ್ಕನ ಮನೆ ಹಿಂದಿನ ಬಾವಿ ಹತ್ರ ಈಚಲು ಮರದಲ್ಲಿ ಹಳೇ ಗೀಜಗನ ಗೂಡು ತೂಗಾಡ್ತಿದ್ವು, ಕಟ್ಟೋದನ್ನ ನೋಡ್ಬೇಕು ಅಂತ ಆ ಮುಂಗಾರಲ್ಲಿ ಮತ್ತೆ ಹೋಗಿ ನಾಲ್ಕು ದಿನ ಇದ್ದೆ. ಡಬ್ಬಿ ರಿವ್ಯೂಗೆ ಇದು ಸಂಬಂಧ ಇಲ್ಲ ಅನ್ಸಬಹುದು, ಆದ್ರೆ ಇದನ್ನ ನೋಡಿದ್ಮೇಲೇನೇ ನಂಗೆ ಆ ಮರಗೆಲಸದವರ ಕೆಲಸದ ಬೆಲೆ ಗೊತ್ತಾಗಿದ್ದು. ಗೀಜಗನಲ್ಲಿ ಕಟ್ಟೋದು ಗಂಡು. ತೆಂಗಿನ ಗರಿನೋ ಹುಲ್ಲಿನ ಎಲೆನೋ ಅಂಚಲ್ಲಿ ಕಚ್ಚಿ ಹಾರಿಬಿಡುತ್ತೆ, ಉದ್ದಕ್ಕೆ ದಾರದ ತರ ಸೀಳ್ಕೊಂಡು ಬರುತ್ತೆ, ಒಂದಡಿಗಿಂತ ಉದ್ದದ್ದೂ ಇರುತ್ತೆ. ಒಂದು ಗೂಡಿಗೆ ಐನೂರು ಸಲದ ತನಕ ಹೋಗಿಬರುತ್ತೆ. ಮೊದ್ಲು ಗಂಟು, ಆಮೇಲೆ ಬಳೆ, ಆಮೇಲೆ ಹೆಲ್ಮೆಟ್ ಬೋರಲು ಹಾಕ್ದಂಗೆ ಅರ್ಧ ಗೂಡು. ಪೂರ್ತಿ ಗೂಡಿಗೆ ಹದಿನೆಂಟು ದಿನ ಆದ್ರೆ ಹೆಲ್ಮೆಟ್ ತನಕ ಬರೋಕೇ ಎಂಟು ದಿನ. ಅಲ್ಲಿಗೆ ನಿಲ್ಸಿ ಜೋತುಬಿದ್ದು ರೆಕ್ಕೆ ಬಡಿದು ಹೆಣ್ಣನ್ನ ಕರೆಯುತ್ತೆ. ಹೆಣ್ಣು ಬಂದು ಒಳಗೆ ಹೊಕ್ಕು, ಎಳೆದು ನೋಡಿ, ಒಪ್ಪಿದ್ರೆ ಮಾತ್ರ ಮುಂದಿನ ಕೊಳವೆ ಬಾಗಿಲು ಕಟ್ಟೋದು. ಒಪ್ಪದ ಅರ್ಧ ಗೂಡುಗಳು ಹಾಗೇ ತೂಗ್ತಿರುತ್ತೆ, ಅವನ್ನ ನೋಡಿದ್ರೆ ಸಂಕಟ ಆಗುತ್ತೆ. ಒಪ್ಪಿ ಕಾವು ಕೂತ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನ ಕರೆಯುತ್ತೆ, ಇದನ್ನ ಪಕ್ಷಿತಜ್ಞ ಸಲೀಂ ಅಲಿಯವರು 1930ರ ಸುಮಾರಿಗೇ ಕೂತು ನೋಡಿ ಬರ್ದಿದಾರೆ. ಗೂಡೊಳಗೆ ಹಸಿ ಮಣ್ಣೋ ಸಗಣಿಯೋ ಮೆತ್ತಿರುತ್ತೆ. ಇನ್ನೊಂದು, ಆ ಈಚಲಲ್ಲಿ ಗೂಡೆಲ್ಲಾ ಇದ್ದಿದ್ದು ಪೂರ್ವದ ಕಡೆ ಗರಿಗಳಲ್ಲೇ, ಮುಂಗಾರು ಗಾಳಿಗೆ ಬೆನ್ನು ಕೊಟ್ಟು. ನಮ್ಮ ಮರಗೆಲಸದವರು ಪೂರ್ವಕ್ಕೆ ಮುಖ ಮಾಡಿ ಅಂದಿದ್ದು ನೆನಪಾಯ್ತು.

ಇದೇ ಜಾಗದಲ್ಲಿ ಒಂದು ಕೋಪದ ಮಾತೂ ಬರೀತೀನಿ. ಗಿರಿಗೆ ಹೋಗೋ ಟೂರಿಸ್ಟ್ ರಸ್ತೆ ಪಕ್ಕ ಒಂದು ಕಡೆ ಗೀಜಗನ ಗೂಡನ್ನ ಕೊಂಬೆ ಸಮೇತ ಕಡಿದು ತಂದು ಡೆಕೊರೇಶನ್ ಅಂತ ಮಾರ್ತಿದ್ರು, ಒಳಗೆ ಬಲ್ಬ್ ಹಾಕಿ. ಹಳೇ ಖಾಲಿ ಗೂಡು ಸಾರ್ ಅಂದ್ರು. ಖಾಲಿ ಅಂತ ಹೊರಗಿಂದ ಯಾರಿಗೆ ಗೊತ್ತಾಗುತ್ತೆ, ಗೀಜಗ ಬಿಟ್ಟ ಗೂಡಲ್ಲಿ ರಾಟವಾಳದ ಜಾತಿಯವು ಬಂದು ಮೊಟ್ಟೆ ಇಡ್ತಾವೆ, ಮಲಗ್ತಾವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡೋದು, ಗೂಡಿಗೆ ತೊಂದರೆ ಕೊಡೋದು ಕೂಡ ಬೇಟೆ ಅನ್ನೋ ಅರ್ಥದೊಳಗೇ ಬರುತ್ತೆ. ದಯವಿಟ್ಟು ಅಂಥದ್ದನ್ನ ತಗೋಬೇಡಿ, ತಗೊಳ್ಳೋರು ಇಲ್ದಿದ್ರೆ ಕಡಿಯೋರೂ ಇರಲ್ಲ. ಡಬ್ಬಿ ಇಟ್ಟೋರೂ ಅಷ್ಟೇ, ಒಳಗೆ ಮೊಟ್ಟೆ ಇದ್ಯಾ ಅಂತ ದಿನಾ ಬಾಗಿಲು ತೆಗೆದು ಮೊಬೈಲ್ ಹಿಡೀಬೇಡಿ, ತಾಯಿ ಬಿಟ್ಟುಹೋಗ್ಬಹುದು.

ಮರಗೆಲಸದವರ ಡಬ್ಬೀಲಿ ಕೊರತೆ ಇಲ್ವಾ ಅಂದ್ರೆ ಇದೆ. ಒಂದು ವಾರ ಅಂದಿದ್ದು ಒಂದು ತಿಂಗಳ ಮೇಲಾಯ್ತು, ನಾನು ನವೆಂಬರಲ್ಲೇ ಹೇಳಿದ್ದಕ್ಕೆ ಜನವರಿಗೆ ಸಿಕ್ತು, ನೀವು ಮಾರ್ಚಲ್ಲಿ ಹೋಗಿ ಕೇಳಿದ್ರೆ ಆ ಸೀಸನ್ ಹೋದಂಗೇ. ಬಾಗಿಲ ಕೊಕ್ಕೆ ಮಾಮೂಲಿ ಕಬ್ಬಿಣ, ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿದು ಮುರೀತು, ಹಿತ್ತಾಳೇದು ಹಾಕ್ಸಿ, ಮೂವತ್ತು ರೂಪಾಯಿ ಜಾಸ್ತಿ ಆಗ್ಬಹುದು. ಮಾಡೂ ಹಿಂದಿನ ಹಲಗೆಯೂ ಸೇರೋ ಕಡೆ ಸಂದಿ ಬಿಟ್ಟು ನೀರು ಜಿನುಗ್ತಿತ್ತು, ಹಳೇ ಸೈಕಲ್ ಟ್ಯೂಬ್ ಪಟ್ಟಿ ಹೊಡೆದ ಮೇಲೆ ನಿಂತಿದೆ. ಕಟ್ಟೋಕೆ ತಂತಿ ಕೊಡ್ತಾರೆ, ಅದನ್ನ ಬಿಗಿಯಾಗಿ ಸುತ್ತಿ ಮರೆತ್ರೆ ಮರ ದಪ್ಪ ಆದಂಗೆ ತೊಗಟೆ ಒಳಗೇ ಇಳಿಯುತ್ತೆ, ನಮ್ಮ ಹಲಸಿಗೆ ಹಾಗಾಗಿತ್ತು, ಈಗ ರಬ್ಬರ್ ಪೈಪ್ ಒಳಗೆ ತೂರಿಸಿ ಸಡಿಲವಾಗಿ ಕಟ್ಟಿ ವರ್ಷಕ್ಕೊಂದು ಸಲ ನೋಡ್ತೀವಿ. ಇಷ್ಟಕ್ಕೆಲ್ಲ ಸೇರಿ ಅರ್ಧ ಸ್ಟಾರ್ ಕಮ್ಮಿ, ನಾಲ್ಕೂವರೆ. ಆನ್‌ಲೈನ್ ಡಬ್ಬಿಗೆ ಸೊನ್ನೆ.

ಈ ವರ್ಷ ಮೂರನೇ ಸೀಸನ್, ಹಲಸಿನ ಡಬ್ಬೀಲಿ ಮಡಿವಾಳ ಎರಡನೇ ಸಲ ಕಾವು ಕೂತಿದೆ. ಹಾಲಕ್ಕಿ ಗೂಬೆಗೆ ಅಂತ ದೊಡ್ಡ ತೂತಿಂದು ಒಂದು ಮಾಡ್ಕೊಡಿ ಅಂತ ಹೋದ ವಾರ ಅಂಗಡಿಗೆ ಹೋಗಿದ್ದೆ. ಅಳತೆ ಬರ್ಕೊಂಡ್ರು, ಆಮೇಲೆ ನಿಮ್ಮ ತೋಟದಲ್ಲಿ ಒಣಗಿದ ಹಾಲುವಾಣ ಇನ್ನೊಂದು ಇದೆ ಅಂದಿದ್ರಲ್ಲ, ಅದು ಇದ್ಯಾ ಅಂದ್ರು. ಇದೆ, ತಂತಿಯಿಂದ ದೂರ, ಕೆರೆ ಏರಿ ಮೇಲೆ. ಕೆಲಸದವರಿಗೆ ತುದಿ ಕೊಂಬೆ ಮಾತ್ರ ಇಳಿಸಿ ಕಾಂಡ ಹಾಗೇ ಬಿಡಿ ಅಂತ ಹೇಳಿದೀನಿ. ಮೊನ್ನೆ ಆ ಕಡೆ ಹೋದಾಗ ಮರದ ಬುಡದಲ್ಲಿ ತಾಜಾ ಬಿಳಿ ಹೊಟ್ಟು ಬಿದ್ದಿತ್ತು, ತಲೆ ಎತ್ತಿ ನೋಡಿದ್ರೆ ಹದಿನೈದು ಅಡಿ ಮೇಲೆ ಕುಟ್ರು ಹಕ್ಕಿ ಅರ್ಧ ಮೈ ಒಳಗೆ ಹಾಕ್ಕೊಂಡು ಕೊರೀತಾ ಇದೆ.